ಶಾತೊ ಗಯ್ಯಾರ್ ಕೋಟೆ: ಇತಿಹಾಸ ಮತ್ತು ವಾಸ್ತು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೋಟೆ ಎಲ್ಲಿದೆ? ಈಗ ಅಲ್ಲಿ ನೋಡಲು ಏನು ಉಳಿದಿದೆ?

ಫ್ರಾನ್ಸಿನ ಉತ್ತರದಲ್ಲಿರುವ ನಾರ್ಮಂಡಿಯಲ್ಲಿ, ಪ್ಯಾರಿಸ್ ಮತ್ತು ರುವಾಂ ನಗರಗಳ ನಡುವೆ, ಸೇನ್ ನದಿ ದೊಡ್ಡದೊಂದು ಬಳಸು ಹಾಕಿ ಹರಿಯುವಲ್ಲಿ ಲೇಜಾಂದ್ಲಿ ಎಂಬ ಪಟ್ಟಣವಿದೆ. ಅದರ ನೆತ್ತಿಯ ಮೇಲೆ, ನದಿಯ ಮಟ್ಟದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಎದ್ದ ಬಿಳಿ ಸೀಮೆಸುಣ್ಣದ ಕಲ್ಲಿನ ದಿಬ್ಬದ ಚಾಚಿನಲ್ಲಿ ಶಾತೊ ಗಯ್ಯಾರ್ ನಿಂತಿದೆ. ಈಗ ಉಳಿದಿರುವುದು ಪಾಳುಕೋಟೆ. ಮುಖ್ಯ ಗೋಪುರದ ಬಹುಭಾಗ, ಒಳಕೋಟೆಯ ಗೋಡೆಯ ದೊಡ್ಡದೊಂದು ಅಂಶ, ಹೊರಕೋಟೆಯ ತುದಿಯ ಗೋಪುರದ ಮೋಟು, ಬಂಡೆಯಲ್ಲೇ ಕೊರೆದ ಕಂದಕಗಳು, ಇಷ್ಟು ಸ್ಪಷ್ಟವಾಗಿ ಕಾಣುತ್ತವೆ. ಚಾವಣಿಯಾಗಲಿ ಮರದ ಕೆಲಸವಾಗಲಿ ಎಲ್ಲಿಯೂ ಉಳಿದಿಲ್ಲ. ಆದರೂ ಹನ್ನೆರಡನೆಯ ಶತಮಾನದ ಯೋಜನೆಯೊಂದನ್ನು ನೆಲದ ಮೇಲೆ ನಡೆದು ಓದಿಕೊಳ್ಳಬಹುದಾದ ಸ್ಥಳಗಳಲ್ಲಿ ಇದಕ್ಕೆ ಸಾಟಿಯಾದದ್ದು ಕಡಿಮೆ. ನಂತರದ ರಾಜರು ಇದನ್ನು ಅರಮನೆಯಾಗಿ ತಿದ್ದಿ ಕಟ್ಟದೇ ಹೋದದ್ದು ಒಂದು ರೀತಿಯಲ್ಲಿ ನಮ್ಮ ಅದೃಷ್ಟ.

ಇಂಗ್ಲೆಂಡಿನ ರಾಜನೊಬ್ಬ ಫ್ರಾನ್ಸಿನ ನೆಲದಲ್ಲಿ ಕೋಟೆ ಕಟ್ಟಿಸಿದ್ದು ಹೇಗೆ?

ಕಟ್ಟಿಸಿದವನು ‘ಸಿಂಹಹೃದಯಿ’ ಎಂದು ಹೆಸರಾದ ಮೊದಲನೆಯ ರಿಚರ್ಡ್. ಅವನು ಇಂಗ್ಲೆಂಡಿನ ರಾಜನಾಗಿದ್ದಂತೆಯೇ ನಾರ್ಮಂಡಿಯ ಡ್ಯೂಕನೂ ಆಗಿದ್ದ. ಇಂಗ್ಲಿಷ್ ಕಾಲುವೆಯ ಎರಡೂ ದಡಗಳಲ್ಲಿ ಅವನ ಮನೆತನಕ್ಕೆ ನೆಲವಿತ್ತು. ಫ್ರಾನ್ಸಿನಲ್ಲಿದ್ದ ಸೀಮೆಗಳ ಮಟ್ಟಿಗೆ ಅವನು ಹೆಸರಿಗೆ ಫ್ರೆಂಚ್ ದೊರೆ ಎರಡನೆಯ ಫಿಲಿಪನ ಮಾಂಡಲಿಕ. ಆದರೆ ಮಾಂಡಲಿಕನ ಕೈಯಲ್ಲಿ ಒಡೆಯನಿಗಿಂತ ಹೆಚ್ಚು ಭೂಮಿ ಇದ್ದಾಗ ಅವರಿಬ್ಬರ ನಡುವೆ ನೆಮ್ಮದಿ ಇರಲಾರದು. ಗಡಿಯ ಜಗಳ ಮೊದಲಿನಿಂದಲೂ ಇದ್ದದ್ದೇ. ಅದು ವಿಕೋಪಕ್ಕೆ ಹೋದದ್ದು ರಿಚರ್ಡನ ಸೆರೆವಾಸದಿಂದ. ಜೆರೂಸಲೇಮಿಗಾಗಿ ನಡೆದ ಧರ್ಮಯುದ್ಧ (ಕ್ರುಸೇಡ್) ಮುಗಿಸಿ ಮರಳುತ್ತಿದ್ದ ಅವನು 1192ರ ಡಿಸೆಂಬರಿನಲ್ಲಿ ಆಸ್ಟ್ರಿಯದ ಡ್ಯೂಕ್ ಲಿಯೋಪೋಲ್ಡನ ಕೈಗೆ ಸಿಕ್ಕಿಬಿದ್ದ. ಆ ಬಳಿಕ ಜರ್ಮನಿಯ ಚಕ್ರವರ್ತಿ ಆರನೆಯ ಹೆನ್ರಿಯ ವಶಕ್ಕೆ ಹೋದ. ಭಾರಿ ಬಿಡುಗಡೆ ಹಣ ಒಪ್ಪಿಸಿ ಅವನು ಹೊರಬಂದದ್ದು 1194ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಫಿಲಿಪ್ ಗಡಿನಾಡಾದ ವೆಕ್ಸಾಂ ಸೀಮೆಗೆ ನುಗ್ಗಿ, ಜಿಸೋರಿನ ಬಲವಾದ ಕೋಟೆಯನ್ನು ತನ್ನದಾಗಿಸಿಕೊಂಡಿದ್ದ. ಪ್ಯಾರಿಸಿನ ಕಡೆಯಿಂದ ನಾರ್ಮಂಡಿಯ ರಾಜಧಾನಿ ರುವಾಂಗೆ ಬರುವ ದಾರಿಗೆ ಇದ್ದ ಬೀಗವೇ ಅದು. ಬೀಗ ಹೋದ ಮೇಲೆ ದಾರಿಯ ಮಧ್ಯದಲ್ಲಿ ಇನ್ನೊಂದನ್ನು ಹಾಕಬೇಕಾಯಿತು, ಅದೇ ಶಾತೊ ಗಯ್ಯಾರ್.

ಆ ಜಾಗ ರಿಚರ್ಡನದೇ ಆಗಿತ್ತೇ?

ಆಗಿರಲಿಲ್ಲ, ಕಥೆಯ ಸ್ವಾರಸ್ಯವಿರುವುದೂ ಅಲ್ಲೇ. ಆಂದ್ಲಿಯ, ಅಂದರೆ ಇಂದಿನ ಲೇಜಾಂದ್ಲಿಯ, ಜಹಗೀರು ರುವಾಂನ ಆರ್ಚ್‌ಬಿಷಪ್ ವಾಲ್ಟರ್ ಡಿ ಕೂತಾಂಸ್ ಅವರ ಪೀಠಕ್ಕೆ ಸೇರಿತ್ತು. ನದಿಯ ಮೇಲೆ ಓಡಾಡುವ ದೋಣಿಗಳ ಸುಂಕ ಅಲ್ಲಿ ಬರುತ್ತಿದ್ದುದರಿಂದ ಅದು ಪೀಠಕ್ಕೆ ಒಳ್ಳೆಯ ಆದಾಯದ ಮೂಲ. ಜೊತೆಗೆ 1196ರ ಜನವರಿಯಲ್ಲಿ ಇಬ್ಬರು ರಾಜರೂ ಮಾಡಿಕೊಂಡ ಒಪ್ಪಂದದಲ್ಲಿ ಆಂದ್ಲಿಗೆ ಕೋಟೆ ಕಟ್ಟಕೂಡದೆಂಬ ಕರಾರು ಸ್ಪಷ್ಟವಾಗಿಯೇ ಇತ್ತು. ರಿಚರ್ಡ್ ಒಪ್ಪಂದವನ್ನೂ ಆರ್ಚ್‌ಬಿಷಪ್ಪರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅದೇ ವರ್ಷ ಕೆಲಸ ಶುರುಮಾಡಿಸಿದ. ಆರ್ಚ್‌ಬಿಷಪ್ಪರು ಇಡೀ ನಾರ್ಮಂಡಿಯಲ್ಲಿ ಚರ್ಚಿನ ವಿಧಿಗಳನ್ನು ನಿಲ್ಲಿಸಿ, ಪೋಪರ ಮುಂದೆ ದೂರು ಕೊಂಡೊಯ್ದರು. ವಿಧಿಪೂರ್ವಕವಾದ ಶವಸಂಸ್ಕಾರವಿಲ್ಲದೆ ನಾರ್ಮಂಡಿಯ ಊರುಗಳ ಬೀದಿಗಳಲ್ಲಿ ಹೆಣಗಳು ಹಾಗೆಯೇ ಬಿದ್ದಿದ್ದವೆಂದು ಆ ಕಾಲದ ಇತಿಹಾಸಕಾರ ರೋಜರ್ ಆಫ್ ಹೌಡನ್ ಬರೆದಿದ್ದಾನೆ. ಇತ್ತ ಕಟ್ಟಡದ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಪೋಪ್ ಮೂರನೆಯ ಸೆಲೆಸ್ಟೀನ್ 1197ರಲ್ಲಿ ನಿರ್ಬಂಧವನ್ನು ತೆಗೆದರು. ಅದೇ ವರ್ಷ ರಿಚರ್ಡ್ ಆಂದ್ಲಿಗೆ ಬದಲಾಗಿ ದಿಯೆಪ್ ಬಂದರು, ಲೂವಿಯೇ ಜಹಗೀರು, ರುವಾಂನ ಗಿರಣಿಗಳು ಮೊದಲಾದವನ್ನು ಪೀಠಕ್ಕೆ ಬಿಟ್ಟುಕೊಟ್ಟ. ಆದಾಯದ ದೃಷ್ಟಿಯಿಂದ ನೋಡಿದರೆ ಆರ್ಚ್‌ಬಿಷಪ್ಪರಿಗೆ ಇದು ನಷ್ಟದ ವ್ಯಾಪಾರವೇನೂ ಆಗಲಿಲ್ಲ.

ಇಡೀ ಕೋಟೆಯನ್ನು ಒಂದೇ ವರ್ಷದಲ್ಲಿ ಕಟ್ಟಿದರೆಂದು ಹೇಳುತ್ತಾರಲ್ಲ, ನಿಜವೇ?

ತನ್ನ ಒಂದು ವರ್ಷದ ಮಗಳು ಎಷ್ಟು ಚೆಲುವೆ ಎಂದು ರಿಚರ್ಡ್ ಕೋಟೆಯನ್ನು ತೋರಿಸಿ ಹಿಗ್ಗಿದನೆಂಬ ಮಾತಿನಿಂದ ಈ ನಂಬಿಕೆ ಹಬ್ಬಿದೆ. ಆ ಮಾತನ್ನು ಅವನು ಆಡಿದ್ದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕೆಲಸ ನಡೆದದ್ದು 1196ರಿಂದ 1198ರವರೆಗೆ, ಸುಮಾರು ಎರಡು ವರ್ಷ. ಅದೂ ಆ ಕಾಲಕ್ಕೆ ಅಚ್ಚರಿಯ ವೇಗವೇ, ಏಕೆಂದರೆ ಇಂಥ ಕಲ್ಲಿನ ಕೋಟೆಗಳು ಹತ್ತು ವರ್ಷ ಹಿಡಿಯುವುದು ಸಾಮಾನ್ಯವಾಗಿತ್ತು.

ಈ ವೇಗದ ಗುಟ್ಟು ಹಣ. ನಾರ್ಮಂಡಿಯ ಖಜಾನೆಯ 1198ರ ಲೆಕ್ಕದ ಸುರುಳಿಗಳು ಇಂದಿಗೂ ಉಳಿದಿವೆ. ಅವುಗಳ ಪ್ರಕಾರ ಕೋಟೆಗೂ ಅದರ ಸುತ್ತಲಿನ ಕೆಲಸಗಳಿಗೂ ಆದ ವೆಚ್ಚ ಸುಮಾರು 12,000 ಪೌಂಡ್. ತನ್ನ ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಎಲ್ಲ ಕೋಟೆಗಳ ಮೇಲೂ ರಿಚರ್ಡ್ ಖರ್ಚುಮಾಡಿದ್ದು ಒಟ್ಟು 7,000 ಪೌಂಡಿನ ಆಸುಪಾಸು ಎಂಬ ಅಂದಾಜನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಈ ಒಂದು ದಿಬ್ಬಕ್ಕೆ ಅವನು ಕೊಟ್ಟ ಬೆಲೆ ಏನೆಂಬುದು ತಿಳಿಯುತ್ತದೆ.

ಇದರ ವಾಸ್ತುಶಿಲ್ಪಿ ಯಾರು?

ಕಲ್ಲು ಒಡೆಯುವವರು, ಬಂಡೆ ಕೊರೆಯುವವರು, ಗಾರೆ ಕೆಲಸದವರು, ಬಡಗಿಗಳು, ಕಮ್ಮಾರರು, ಸುಣ್ಣ ಸುಡುವವರು, ನೀರು ಹೊರುವವರು, ಕಾವಲಿನವರು, ಇವರೆಲ್ಲರಿಗೆ ಸಂದ ಕೂಲಿಯ ವಿವರ ಲೆಕ್ಕದ ಸುರುಳಿಗಳಲ್ಲಿದೆ. ಆದರೆ ಕೆಲಸವನ್ನೆಲ್ಲ ನಡೆಸಿದ ಮುಖ್ಯ ಶಿಲ್ಪಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಆ ಎರಡು ವರ್ಷಗಳಲ್ಲಿ ರಿಚರ್ಡ್ ಮತ್ತೆ ಮತ್ತೆ ಆಂದ್ಲಿಯಲ್ಲೇ ಬಿಡಾರ ಮಾಡಿದ್ದನೆಂಬುದು ಅವನು ಹೊರಡಿಸಿದ ಸನ್ನದುಗಳಿಂದ ಗೊತ್ತಾಗುತ್ತದೆ. ಹೀಗಾಗಿ ಒಟ್ಟು ಯೋಜನೆ ಅವನದೇ ಇರಬೇಕೆಂದು ಹಲವು ಇತಿಹಾಸಕಾರರು ಊಹಿಸಿದ್ದಾರೆ. ಮುತ್ತಿಗೆ ಹಾಕಿಯೂ ಹಾಕಿಸಿಕೊಂಡೂ ಪಳಗಿದ ಮನುಷ್ಯನ ಕಣ್ಣು ಇಲ್ಲಿ ಕೆಲಸ ಮಾಡಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನೂಲು ಹಿಡಿದು ಕಲ್ಲು ಕೂರಿಸಿದ ಕೈಗಳು ಬೇರೆಯವರವು.

ಕೋಟೆಯ ಒಟ್ಟು ವಿನ್ಯಾಸವನ್ನು ವಿವರಿಸುವಿರಾ?

ಮೊದಲು ಗಮನಿಸಬೇಕಾದದ್ದು ಬೆಟ್ಟದ ಆಕಾರವನ್ನು. ದಿಬ್ಬದ ಪಕ್ಕಗಳು ನದಿಗೂ ಕಣಿವೆಗೂ ಕಡಿದಾಗಿ ಇಳಿಯುತ್ತವೆ. ಆಗ್ನೇಯ ದಿಕ್ಕಿನಲ್ಲಿ ಮಾತ್ರ ಕಿರಿದಾದ ಕುತ್ತಿಗೆಯಂಥ ನೆಲ ಅದನ್ನು ಹಿಂದಿನ ಎತ್ತರದ ಪ್ರಸ್ಥಭೂಮಿಗೆ ಜೋಡಿಸುತ್ತದೆ. ದಂಡು ಬರುವುದಿದ್ದರೆ ಆ ಕುತ್ತಿಗೆಯ ಮೇಲೆಯೇ ಬರಬೇಕು. ಆದ್ದರಿಂದ ಇಡೀ ಕೋಟೆಯನ್ನು ಆ ದಿಕ್ಕಿಗೆ ಮುಖಮಾಡಿ, ಒಂದರ ಹಿಂದೆ ಒಂದರಂತೆ ಮೂರು ಆವರಣಗಳಾಗಿ ಕಟ್ಟಲಾಗಿದೆ.

ಮುಂದಿನದು ಹೊರಕೋಟೆ. ಅದು ಹೆಚ್ಚುಕಡಿಮೆ ತ್ರಿಕೋನಾಕಾರದ್ದು. ಅದರ ಚೂಪಾದ ತುದಿ ಶತ್ರು ಬರುವ ಕುತ್ತಿಗೆಯ ಕಡೆಗೆ ತಿರುಗಿದ್ದು, ಆ ತುದಿಯಲ್ಲಿ ದಪ್ಪನೆಯ ದುಂಡು ಗೋಪುರವಿದೆ. ಒಟ್ಟು ಐದು ಗೋಪುರಗಳು ಈ ಆವರಣವನ್ನು ಕಾಯುತ್ತಿದ್ದವು. ಹೊರಕೋಟೆಗೂ ನಡುಕೋಟೆಗೂ ಮಧ್ಯೆ ಬಂಡೆ ಕೊರೆದು ಮಾಡಿದ ಒಣ ಕಂದಕವಿರುವುದರಿಂದ, ಮುಂದಿನದು ಕೈತಪ್ಪಿದರೂ ಹಿಂದಿನದನ್ನು ಬೇರೆ ಕೋಟೆಯೆಂಬಂತೆ ಉಳಿಸಿಕೊಳ್ಳಬಹುದಿತ್ತು. ನಡುಕೋಟೆಯಲ್ಲಿ ವಾಸದ ಕಟ್ಟಡಗಳು, ಉಗ್ರಾಣಗಳು, ಪ್ರಾರ್ಥನಾಲಯ ಇದ್ದವು. ಅದರ ಒಡಲಲ್ಲೇ ಇನ್ನೊಂದು ಕಂದಕದ ಆಚೆ ಒಳಕೋಟೆ ಇದೆ, ಒಳಕೋಟೆಯ ನದಿಯ ಅಂಚಿನಲ್ಲಿ ಮುಖ್ಯ ಗೋಪುರ.

ಇಷ್ಟನ್ನೇ ಶಾತೊ ಗಯ್ಯಾರ್ ಎಂದುಕೊಂಡರೆ ರಿಚರ್ಡನ ಯೋಜನೆಯ ಅರ್ಧ ಕೈಬಿಟ್ಟಂತಾಗುತ್ತದೆ. ಬೆಟ್ಟದ ಬುಡದಲ್ಲಿ ಅವನು ಗೋಡೆ ಸುತ್ತುವರಿದ ಹೊಸ ಊರನ್ನು ಕಟ್ಟಿಸಿದ. ಇಂದಿನ ಪೆತಿ ಆಂದ್ಲಿ ಅದೇ. ನದಿಯ ನಡುವಿನ ನಡುಗಡ್ಡೆಯ ಮೇಲೆ ಒಂದು ಚಿಕ್ಕ ಕೋಟೆ, ಅದರ ಮೂಲಕ ದಡದಿಂದ ದಡಕ್ಕೆ ಸೇತುವೆ, ಶತ್ರುವಿನ ದೋಣಿಗಳು ಇಳಿದುಬರದಂತೆ ನದಿಗೆ ಅಡ್ಡಲಾಗಿ ಮೂರು ಸಾಲು ಮರದ ಗೂಟಗಳ ಬೇಲಿ, ಇವೆಲ್ಲ ಸೇರಿ ಒಂದು ರಕ್ಷಣಾ ವ್ಯೂಹ. ಮೇಲಿನ ಕೋಟೆ ಆ ವ್ಯೂಹದ ತಲೆ ಮಾತ್ರ. ಸೇನ್ ನದಿಯ ಮೇಲೆ ಸರಕಾಗಲಿ ಸೈನ್ಯವಾಗಲಿ ರುವಾಂ ಕಡೆಗೆ ಸಾಗಬೇಕಾದರೆ ಈ ವ್ಯೂಹವನ್ನು ದಾಟಲೇಬೇಕಿತ್ತು.

ಒಳಕೋಟೆಯ ಗೋಡೆ ಅಲೆ ಅಲೆಯಾಗಿರುವುದು ಅಲಂಕಾರಕ್ಕಾಗಿಯೇ?

ಅಲಂಕಾರಕ್ಕಲ್ಲ. ಸಪಾಟಾದ ಗೋಡೆಗೆ ಅಲ್ಲೊಂದು ಇಲ್ಲೊಂದು ಬುರುಜು ಕಟ್ಟುವುದು ಆಗಿನ ರೂಢಿ. ಇಲ್ಲಿ ಹಾಗೆ ಮಾಡದೆ ಗೋಡೆಯ ಹೊರಮೈಯನ್ನೇ ಅರ್ಧಚಂದ್ರಾಕಾರದ ಉಬ್ಬುಗಳ ಸಾಲನ್ನಾಗಿ ಕಟ್ಟಿದ್ದಾರೆ. ಹಲಸಿನ ತೊಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ, ಉಬ್ಬಿನ ಪಕ್ಕದಲ್ಲಿ ಉಬ್ಬು, ನಡುವೆ ಕಿರಿದಾದ ಸಂದು. ಇದರಿಂದ ಎರಡು ಪ್ರಯೋಜನಗಳಿದ್ದವು. ಕವಣೆಯಂತ್ರದಿಂದ ಬಂದ ಗುಂಡುಕಲ್ಲು ಬಾಗಿದ ಮೈಗೆ ಬಡಿದಾಗ ಅದರ ಪೆಟ್ಟು ನೇರವಾಗಿ ಒಳಗಿಳಿಯದೆ ಓರೆಯಾಗಿ ಜಾರುತ್ತದೆ. ಮೇಲೆ ನಿಂತ ಬಿಲ್ಲುಗಾರನಿಗೂ ಗೋಡೆಯ ಬುಡದಲ್ಲಿ ಅಡಗಿ ಅಗೆಯುವವನನ್ನು ಹುಡುಕಿ ಹೊಡೆಯಲು ಬೇರೆ ಬೇರೆ ಕೋನಗಳು ಸಿಗುತ್ತವೆ. ಆ ಕಾಲದ ಬೇರೆ ಕೋಟೆಗಳಲ್ಲಿ ಈ ರೀತಿಯ ಗೋಡೆ ಕಾಣುವುದು ಅಪರೂಪ. ಇಡೀ ಕಟ್ಟಡದಲ್ಲಿ ಒಂದೇ ಒಂದು ಭಾಗವನ್ನು ನೋಡಲು ಸಮಯವಿದ್ದರೆ ಈ ಗೋಡೆಯನ್ನೇ ನೋಡಬೇಕೆಂಬುದು ನನ್ನ ಸಲಹೆ. ಮುಖ್ಯ ಗೋಪುರಕ್ಕೆ ಸಿಗುವ ಹೊಗಳಿಕೆಯಲ್ಲಿ ಅರ್ಧದಷ್ಟಾದರೂ ಇದಕ್ಕೆ ಸಲ್ಲಬೇಕು.

ಮುಖ್ಯ ಗೋಪುರದ ವಿಶೇಷವೇನು?

ಒಳಗಿನಿಂದ ನೋಡಿದರೆ ಅದು ಸುಮಾರು 8 ಮೀಟರ್ ಅಡ್ಡಳತೆಯ ದುಂಡು ಕೋಣೆ. ಹೊರಗಿನಿಂದ ಮಾತ್ರ ಪೂರ್ತಿ ದುಂಡಗಿಲ್ಲ, ಅಂಗಳದ ಕಡೆಗೆ ಅದರ ಗೋಡೆ ಹಡಗಿನ ಮುಂತುದಿಯಂತೆ ಚೂಪಾಗಿ ಚಾಚಿಕೊಂಡಿದೆ. ದಾಳಿ ಬರಬಹುದಾದ ಮಗ್ಗುಲಲ್ಲಿ ಗೋಡೆಯನ್ನು ದಪ್ಪಗೊಳಿಸಿ, ಬಡಿದ ಕಲ್ಲು ಎರಡೂ ಪಕ್ಕಕ್ಕೆ ಸಿಡಿದುಹೋಗುವಂತೆ ಮಾಡುವುದು ಇದರ ಉದ್ದೇಶ. ಬುಡದ ಭಾಗವನ್ನು ಇಳಿಜಾರಾಗಿ ಕಟ್ಟಿರುವುದಕ್ಕೂ ಕಾರಣ ಇದೇ, ಜೊತೆಗೆ ಮೇಲಿನಿಂದ ಬಿಟ್ಟ ಕಲ್ಲು ಆ ಇಳಿಜಾರಿಗೆ ಬಡಿದು ಕೆಳಗೆ ನಿಂತವರತ್ತ ಪುಟಿಯುತ್ತಿತ್ತು.

ವಿದ್ವಾಂಸರಲ್ಲಿ ಹೆಚ್ಚು ಚರ್ಚೆಗೆ ಕಾರಣವಾದದ್ದು ಗೋಪುರದ ಮೇಲ್ಭಾಗ. ಗೋಡೆಯ ಹೊರಮೈಯಲ್ಲಿ ಕೆಳಗೆ ಕಿರಿದಾಗಿ ಆರಂಭವಾಗಿ ಮೇಲೆ ಹೋದಂತೆ ಅಗಲವಾಗುವ, ತಲೆಕೆಳಗಾದ ಪಿರಮಿಡ್ಡಿನಂಥ ಆನಿಕೆಗಳಿವೆ. ಇವುಗಳ ನೆತ್ತಿಯನ್ನು ಕಮಾನುಗಳು ಜೋಡಿಸುತ್ತಿದ್ದವು. ಕಮಾನುಗಳ ಮೇಲೆ ಹೊರಚಾಚಿದ ಕಲ್ಲಿನ ಹಾದಿ ಇತ್ತು. ಗೋಡೆಗೂ ಕಮಾನಿಗೂ ನಡುವಿನ ಸಂದಿನಿಂದ ನೇರವಾಗಿ ಕೆಳಕ್ಕೆ ಕಲ್ಲು ಬಿಡಬಹುದಿತ್ತು. ಅದಕ್ಕೆ ಮುಂಚೆ ಯುರೋಪಿನ ಕೋಟೆಗಳಲ್ಲಿ ಈ ಕೆಲಸಕ್ಕೆ ಮರದ ಅಟ್ಟಣಿಗೆಗಳನ್ನು ಕಟ್ಟುತ್ತಿದ್ದರು. ಅವಕ್ಕೆ ಬೆಂಕಿ ಬೀಳುವ ಭಯವಿತ್ತು. ಅಟ್ಟಣಿಗೆಯ ಕೆಲಸವನ್ನು ಕಲ್ಲಿನಲ್ಲಿ ಸಾಧಿಸಿದ ಪಶ್ಚಿಮ ಯುರೋಪಿನ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ರಿಚರ್ಡ್ ಪೂರ್ವದೇಶದ ಕೋಟೆಗಳಲ್ಲಿ ಕಂಡದ್ದನ್ನು ಇಲ್ಲಿ ತಂದನೆಂಬ ವಾದ ಬಹಳ ಕಾಲದಿಂದ ಇದೆ. ಗೋಪುರದ ನೆತ್ತಿ ಈಗ ಉಳಿದಿಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಬರೆದ ಮರುರಚನೆಯ ಚಿತ್ರಗಳ ಮೂಲಕವೇ ಹೆಚ್ಚಿನವರು ಅದನ್ನು ಕಲ್ಪಿಸಿಕೊಳ್ಳುತ್ತಾರೆ. ಚಿತ್ರ ಸೊಗಸಾಗಿದೆ, ಆದರೆ ಕಣ್ಣೆದುರು ನಿಂತಿರುವ ಕಲ್ಲಿಗೂ ಆ ಚಿತ್ರಕ್ಕೂ ಇರುವ ಅಂತರವನ್ನು ಮರೆಯಬಾರದು.

ಅಷ್ಟು ಎತ್ತರದಲ್ಲಿ ನೀರಿಗೇನು ಮಾಡುತ್ತಿದ್ದರು?

ಬಂಡೆಯಲ್ಲಿ ಆಳವಾದ ಬಾವಿಗಳನ್ನು ತೋಡಿದ್ದರು. ದವಸಧಾನ್ಯ ಮತ್ತು ಮದ್ಯದ ಪೀಪಾಯಿಗಳಿಗಾಗಿ ಕಂದಕದ ಮಗ್ಗುಲಿನ ಬಂಡೆಯಲ್ಲೇ ಕೊರೆದ, ಕಲ್ಲಿನ ಕಂಬಗಳನ್ನು ಬಿಟ್ಟು ಮಾಡಿದ ಗುಹೆಗಳಂಥ ಉಗ್ರಾಣಗಳನ್ನು ಈಗಲೂ ಕಾಣಬಹುದು.

1203ರ ಮುತ್ತಿಗೆ ಆರಂಭವಾದದ್ದು ಹೇಗೆ?

ರಿಚರ್ಡ್ 1199ರ ಏಪ್ರಿಲ್ 6ರಂದು, ದಕ್ಷಿಣದ ಶಾಲ್ಯು ಎಂಬಲ್ಲಿ ತಗುಲಿದ ಅಡ್ಡಬಿಲ್ಲಿನ ಬಾಣದ ಗಾಯ ಕೊಳೆತು ತೀರಿಕೊಂಡ. ಪಟ್ಟಕ್ಕೆ ಬಂದ ತಮ್ಮ ಜಾನನಿಗೆ ಅಣ್ಣನ ಯುದ್ಧಚಾತುರ್ಯವೂ ಇರಲಿಲ್ಲ, ಸಾಮಂತರ ವಿಶ್ವಾಸವೂ ಇರಲಿಲ್ಲ. 1202ರಲ್ಲಿ ಫಿಲಿಪ್ ತನ್ನ ಮಾಂಡಲಿಕನು ಕರೆಗೆ ಓಗೊಡಲಿಲ್ಲವೆಂಬ ನೆಪದ ಮೇಲೆ ಜಾನನ ಫ್ರೆಂಚ್ ಸೀಮೆಗಳು ಮುಟ್ಟುಗೋಲಾದವೆಂದು ಸಾರಿದ. ಮರುವರ್ಷದ ಬೇಸಗೆಯ ಕೊನೆಗೆ ಆಂದ್ಲಿಯ ಎದುರಿನ ದಡದಲ್ಲಿ ಬಂದು ಬೀಡುಬಿಟ್ಟ. ಕೋಟೆಯ ಕಿಲ್ಲೇದಾರ ರೋಜರ್ ಡಿ ಲೇಸಿ, ಇಂಗ್ಲೆಂಡಿನ ಚೆಸ್ಟರ್ ಸೀಮೆಯವನು, ಕೊನೆಯವರೆಗೆ ಒಡೆಯನಿಗೆ ನಿಷ್ಠನಾಗಿದ್ದವನು.

ಜಾನ್ ಒಮ್ಮೆ ಮಾತ್ರ ಗಟ್ಟಿಯಾಗಿ ಪ್ರಯತ್ನಿಸಿದ. ರಾತ್ರಿಯಲ್ಲಿ ಅವನ ಸೇನಾನಿ ವಿಲಿಯಂ ಮಾರ್ಷಲನ ಪಡೆ ದಡದ ಮೇಲಿನ ಫ್ರೆಂಚ್ ಪಾಳೆಯಕ್ಕೆ ನುಗ್ಗುವುದು, ಅದೇ ವೇಳೆಗೆ ಆಹಾರ ಮತ್ತು ಸೈನಿಕರನ್ನು ಹೊತ್ತ ದೋಣಿಗಳು ನದಿಯಲ್ಲಿ ಬಂದು ಫ್ರೆಂಚರ ದೋಣಿಸೇತುವೆಯನ್ನು ಮುರಿಯುವುದು, ಹೀಗೆಂದು ಯೋಜನೆ. ಆದರೆ ಪ್ರವಾಹ ಎದುರಾಗಿ ದೋಣಿಗಳು ತಡವಾದವು. ಮಾರ್ಷಲನ ಪಡೆ ಮೊದಲು ಗೆದ್ದಿತಾದರೂ, ಬೆದರಿ ಓಡಿದ ಫ್ರೆಂಚರು ಮತ್ತೆ ಒಗ್ಗೂಡಿ ಅದನ್ನು ಹಿಮ್ಮೆಟ್ಟಿಸಿದರು. ಬೆಳಗಾದ ಮೇಲೆ ಬಂದ ದೋಣಿಗಳಿಗೂ ಅದೇ ಗತಿಯಾಯಿತು. ಆ ಬಳಿಕ ಗೊಬೇರ್ ಎಂಬ ಫ್ರೆಂಚ್ ಈಜುಗಾರ, ಕೆಂಡ ತುಂಬಿ ಬಾಯಿ ಮುಚ್ಚಿದ ಪಾತ್ರೆಗಳನ್ನು ಕಟ್ಟಿಕೊಂಡು ನೀರಿನಲ್ಲಿ ಸಾಗಿ, ನಡುಗಡ್ಡೆಯ ಕೋಟೆಯ ಮರದ ಬೇಲಿಗೆ ಬೆಂಕಿಯಿಟ್ಟ. ನಡುಗಡ್ಡೆ ಶರಣಾಯಿತು, ಅದರ ಹಿಂದೆಯೇ ಊರೂ ಹೋಯಿತು. ಫಿಲಿಪ್ ಬೆಟ್ಟದ ಸುತ್ತ ಎರಡು ಸಾಲು ಕಂದಕ ತೋಡಿಸಿ, ನಡುನಡುವೆ ಮರದ ಕಾವಲುಗೋಪುರಗಳನ್ನು ನಿಲ್ಲಿಸಿ ಚಳಿಗಾಲಕ್ಕೆ ಸಿದ್ಧನಾದ. ಜಾನ್ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ.

ಊರಿನ ಜನ ಏನಾದರು?

ಮುತ್ತಿಗೆಯ ಈ ಭಾಗ ಓದಲು ಕಷ್ಟವಾದದ್ದು. ಊರು ಬಿದ್ದಾಗ ಅಲ್ಲಿನ ಗಂಡಸರು, ಹೆಂಗಸರು, ಮಕ್ಕಳು ಬೆಟ್ಟ ಹತ್ತಿ ಕೋಟೆಯೊಳಗೆ ಸೇರಿಕೊಂಡಿದ್ದರು. ಕಾದಾಡಲಾಗದ ಇಷ್ಟು ಹೊಟ್ಟೆಗಳನ್ನು ಹೊರೆದರೆ ದಾಸ್ತಾನು ಬೇಗ ಬರಿದಾಗುವುದೆಂದು ಲೆಕ್ಕಹಾಕಿದ ರೋಜರ್, ಮೊದಲು ಐನೂರು ಮಂದಿಯನ್ನು, ಕೆಲವು ದಿನಗಳಾದ ಮೇಲೆ ಮತ್ತೆ ಅಷ್ಟೇ ಮಂದಿಯನ್ನು ಹೊರಗೆ ಕಳಿಸಿದ. ಫ್ರೆಂಚ್ ಸೈನಿಕರು ಅವರಿಗೆ ದಾರಿ ಬಿಟ್ಟರು. ಸುದ್ದಿ ಕೇಳಿದ ಫಿಲಿಪ್, ಇನ್ನು ಮುಂದೆ ಒಬ್ಬನನ್ನೂ ಬಿಡಕೂಡದೆಂದು ಆಜ್ಞೆ ಮಾಡಿದ. ಮೂರನೆಯ ಸಲ ಹೊರಬಂದ ನೂರಾರು ಮಂದಿಗೆ ಮುಂದೆ ಬಾಣಗಳ ಮಳೆ, ಹಿಂತಿರುಗಿದರೆ ಮುಚ್ಚಿದ ಬಾಗಿಲು. ಕೋಟೆಗೂ ಫ್ರೆಂಚ್ ಕಂದಕಕ್ಕೂ ನಡುವಿನ ಬಂಡೆಯ ಇಳಿಜಾರಿನಲ್ಲಿ, ಮಳೆ ಚಳಿಗಳಲ್ಲಿ, ಹುಲ್ಲು ಸೊಪ್ಪು ತಿಂದುಕೊಂಡು, ಕೋಟೆಯಿಂದ ಓಡಿಸಿದ ನಾಯಿಗಳನ್ನು ಕೊಂದು ತಿಂದುಕೊಂಡು ಅವರು ವಾರಗಟ್ಟಲೆ ಬಿದ್ದುಕೊಂಡಿದ್ದರು. ಬಹಳಷ್ಟು ಜನ ಅಲ್ಲಿಯೇ ಸತ್ತರು.

ಇದನ್ನು ಬರೆದಿಟ್ಟವನು ಫಿಲಿಪನ ಪುರೋಹಿತನಾಗಿದ್ದ ಗಿಯೋಮ್ ಲ ಬ್ರತೋಂ. ತನ್ನ ರಾಜನ ಗುಣಗಾನಕ್ಕೆಂದೇ ಲ್ಯಾಟಿನ್ ಪದ್ಯ ಕಟ್ಟಿದವನಾದರೂ ಈ ಘಟನೆಯನ್ನು ಅವನು ಮುಚ್ಚಿಡಲಿಲ್ಲ. ಕೊನೆಗೆ ರಾಜ ಅವರ ಕೂಗಿಗೆ ಕರಗಿ ಹೊರಬಿಡಲು ಹೇಳಿದಾಗ, ಒಬ್ಬ ಮನುಷ್ಯ ನಾಯಿಯ ತೊಡೆಯೊಂದನ್ನು ಹಿಡಿದುಕೊಂಡೇ ಇದ್ದನಂತೆ. ಬಿಸಾಡೆಂದರೆ, ರೊಟ್ಟಿ ಕೈಗೆ ಬರುವ ತನಕ ಬಿಸಾಡಲೊಲ್ಲೆ ಎಂದನಂತೆ. ಈ ಪಾಪದಲ್ಲಿ ಇಬ್ಬರು ಯೋಧರಿಗೂ ಪಾಲಿದೆ, ಫಿಲಿಪನ ಕೊನೆಗಳಿಗೆಯ ಕರುಣೆಯನ್ನು ಬಣ್ಣಿಸುವವರು ಅವನ ಆಜ್ಞೆಯನ್ನೂ ನೆನೆಯಬೇಕು.

ಶೌಚದ ಕೊಳವೆಯ ಮೂಲಕ ನುಗ್ಗಿ ಕೋಟೆ ಗೆದ್ದರೆಂಬುದು ನಿಜವೇ?

ಪ್ರವಾಸಿಗರಿಗೆ ತುಂಬ ಪ್ರಿಯವಾದ ಕಥೆ ಇದು. ಅದಕ್ಕೆ ಮೊದಲು ನಡೆದದ್ದನ್ನು ನೋಡೋಣ. 1204ರ ಫೆಬ್ರವರಿಯಲ್ಲಿ ಫಿಲಿಪ್ ತಾನೇ ಬಂದು ನೇರ ಲಗ್ಗೆಗೆ ಅಪ್ಪಣೆ ಕೊಟ್ಟ. ಬೆಟ್ಟದ ಕುತ್ತಿಗೆಯನ್ನು ಸಮಮಾಡಿ ಕವಣೆಯಂತ್ರಗಳನ್ನು ಹೂಡಿದರು. ಹೊರಕೋಟೆಯ ಕಂದಕಕ್ಕೆ ಇಳಿದ ಸೈನಿಕರ ಏಣಿಗಳು ಎದುರಿನ ದಂಡೆ ಹತ್ತಲು ಗಿಡ್ಡವಾದವು. ಅವರು ಬಾಕು ಮತ್ತು ಕತ್ತಿಗಳನ್ನು ಮೆದುವಾದ ಸುಣ್ಣಕಲ್ಲಿಗೆ ಚುಚ್ಚಿ, ಅವನ್ನೇ ಹಿಡಿಕೆಯಾಗಿಸಿಕೊಂಡು ಗೋಪುರದ ಬುಡ ಮುಟ್ಟಿದರು. ತಲೆಯ ಮೇಲೆ ಗುರಾಣಿಗಳ ಮರೆ ಹಿಡಿದು ಅಡಿಪಾಯ ಕೊರೆದು, ಮರದ ಊರೆ ಕೊಟ್ಟು, ಊರೆಗೆ ಬೆಂಕಿಯಿಟ್ಟರು. ಗೋಪುರ ಕುಸಿಯಿತು. ಕಾವಲು ಪಡೆ ನಡುಕೋಟೆಗೆ ಹಿಂದೆ ಸರಿಯಿತು.

ನಡುಕೋಟೆಯ ಗೋಡೆಗೆ ತಗುಲಿಸಿ ಜಾನ್ ಇತ್ತೀಚೆಗಷ್ಟೇ ಒಂದು ಕಟ್ಟಡ ಕಟ್ಟಿಸಿದ್ದ. ಅದರಲ್ಲಿ ಪ್ರಾರ್ಥನಾಲಯವೂ ಶೌಚಗೃಹವೂ ಇದ್ದವು. ಅಲ್ಲಿನ ಕಿಟಕಿಯೊಂದು ಸುಲಭವಾಗಿ ಎಟುಕುವಂತಿತ್ತು. ಬೊಜಿ ಎಂಬ ಸೈನಿಕ ಜೊತೆಗಾರರ ಹೆಗಲೇರಿ ಕಿಟಕಿ ಹೊಕ್ಕು, ಹಗ್ಗ ಇಳಿಬಿಟ್ಟು ಉಳಿದವರನ್ನು ಎಳೆದುಕೊಂಡ. ಒಳಗೆ ಸೇರಿದವರು ದೊಡ್ಡ ಗದ್ದಲವೆಬ್ಬಿಸಿದರು. ಭಾರಿ ಪಡೆಯೇ ನುಗ್ಗಿತೆಂದುಕೊಂಡ ಕಾವಲಿನವರು ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಆ ಬೆಂಕಿ ಗಾಳಿಗೆ ಅವರ ಮೇಲೆಯೇ ತಿರುಗಿ, ಅವರು ಒಳಕೋಟೆಗೆ ಓಡಬೇಕಾಯಿತು. ಕಿಟಕಿಯೂ ಶೌಚಗೃಹವೂ ಒಂದೇ ಕಟ್ಟಡದಲ್ಲಿದ್ದದ್ದರಿಂದ, ಬಾಯಿಂದ ಬಾಯಿಗೆ ಹೋಗುವಾಗ ಬೊಜಿ ಕೊಳವೆಯಲ್ಲಿ ತೆವಳಿದನೆಂಬ ಬಣ್ಣ ಸೇರಿಕೊಂಡಿರಬೇಕು. ಹೊಕ್ಕದ್ದು ಪ್ರಾರ್ಥನಾಲಯದ ಕಿಟಕಿಯಿಂದಲೇ ಎಂಬ ಅಭಿಪ್ರಾಯಕ್ಕೆ ಇತಿಹಾಸಕಾರರಲ್ಲಿ ಈಗ ಬಲವಿದೆ. ಯಾವ ದಾರಿಯಾದರೂ ಗಮನಿಸಬೇಕಾದ ಮಾತೊಂದೇ: ಆ ತೂತು ರಿಚರ್ಡನ ಯೋಜನೆಯಲ್ಲಿ ಇರಲಿಲ್ಲ, ಅವನ ತಮ್ಮ ಸೇರಿಸಿದ ಕಟ್ಟಡದಲ್ಲಿತ್ತು.

ಒಳಕೋಟೆಯೂ ಮುಖ್ಯ ಗೋಪುರವೂ ಇದ್ದವಲ್ಲ, ಅವು ಏಕೆ ಉಳಿಯಲಿಲ್ಲ?

ಒಳಕೋಟೆಯ ಬಾಗಿಲಿಗೆ ಹೋಗಲು ಕಂದಕದ ಮೇಲೆ ಎತ್ತಿಡುವ ಮರದ ಸೇತುವೆ ಇರಲಿಲ್ಲ, ಬಂಡೆಯಲ್ಲೇ ಬಿಟ್ಟ ಕಲ್ಲಿನ ಸೇತುವೆ ಇತ್ತು. ಮುರಿಯಲಾಗದ ಆ ಸೇತುವೆಯ ಅಡಿಯನ್ನೇ ಮರೆಯಾಗಿಸಿಕೊಂಡು ಫ್ರೆಂಚರು ಗೋಡೆಯ ಕೆಳಗೆ ಸುರಂಗ ತೋಡಿದರು. ಒಳಗಿನವರು ಎದುರು ಸುರಂಗ ತೋಡಿ ಅವರನ್ನು ಓಡಿಸಿದರೇನೋ ಸರಿ, ಆದರೆ ಎರಡೂ ಕಡೆಯಿಂದ ಟೊಳ್ಳಾದ ಗೋಡೆ ದೊಡ್ಡ ಕವಣೆಯಂತ್ರದ ಹೊಡೆತಗಳಿಗೆ ಬಿರಿದು ಬಿತ್ತು. 1204ರ ಮಾರ್ಚ್ 6ರಂದು ಎಲ್ಲ ಮುಗಿಯಿತು. ಒಂದೂವರೆ ನೂರರ ಆಸುಪಾಸಿನಲ್ಲಿ ಉಳಿದಿದ್ದ ಕಾವಲು ಪಡೆ ಮುಖ್ಯ ಗೋಪುರಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ದಿಡ್ಡಿ ಬಾಗಿಲಿನಿಂದ ಪಾರಾಗಲು ನೋಡಿ ಸೆರೆಸಿಕ್ಕಿತು. ಚರಿತ್ರೆಯ ಪುಸ್ತಕಗಳಲ್ಲಿ ಅಷ್ಟು ಪುಟ ಗಳಿಸಿಕೊಂಡ ಆ ಗೋಪುರ, ತನ್ನನ್ನು ಯಾವ ಗಳಿಗೆಗಾಗಿ ಕಟ್ಟಲಾಗಿತ್ತೋ ಆ ಗಳಿಗೆಯಲ್ಲಿ ಬಳಕೆಗೇ ಬರಲಿಲ್ಲ.

ಹಾಗಾದರೆ ವಿನ್ಯಾಸವೇ ಸೋತಿತೆನ್ನಬಹುದೇ?

ಹಾಗೆನ್ನುವುದು ನ್ಯಾಯವಲ್ಲ. ದೋಷಗಳು ಇದ್ದವು. ಕಲ್ಲಿನ ಸೇತುವೆ ಒಂದು. ಆವರಣಗಳು ಒಂದರ ಹಿಂದೆ ಒಂದಿದ್ದುದರಿಂದ ಶತ್ರು ಒಂದೊಂದನ್ನೇ ಸಾವಕಾಶವಾಗಿ ಎದುರಿಸಬಹುದಿತ್ತು, ಇದು ಇನ್ನೊಂದು. ಮೆದುವಾದ ಸುಣ್ಣಕಲ್ಲಿನಲ್ಲಿ ಸುರಂಗ ತೋಡುವುದು ಸುಲಭ, ಅದು ಮೂರನೆಯದು. ಆದರೆ ಆ ಕಾಲದಲ್ಲಿ ಯಾವ ಕೋಟೆಯೂ ಶಾಶ್ವತವಾಗಿ ನಿಲ್ಲಲೆಂದು ಕಟ್ಟಿದ್ದಾಗಿರಲಿಲ್ಲ. ಹೊರಗಿನಿಂದ ದಂಡು ಬಂದು ಮುತ್ತಿಗೆಯನ್ನು ಮುರಿಯುವವರೆಗೆ ಕಾಲ ತಳ್ಳುವುದು ಅದರ ಕೆಲಸ. ಶಾತೊ ಗಯ್ಯಾರ್ ಜಾನನಿಗೆ ಆರು ತಿಂಗಳ ಕಾಲವನ್ನು ದೊರಕಿಸಿಕೊಟ್ಟಿತು. ಅಷ್ಟರಲ್ಲಿ ಅವನಿಂದ ಬಂದದ್ದು ಒಂದೇ ಒಂದು ವಿಫಲ ಯತ್ನ. ರಿಚರ್ಡ್ ಬದುಕಿದ್ದರೆ ಫಿಲಿಪ್ ಆ ಚಳಿಗಾಲವನ್ನು ಬೆಟ್ಟದ ಬುಡದಲ್ಲಿ ನಿಶ್ಚಿಂತೆಯಿಂದ ಕಳೆಯುತ್ತಿದ್ದನೆಂದು ನಂಬುವುದು ಕಷ್ಟ. ಕೋಟೆ ಬಿದ್ದ ಮೇಲೆ ನಾರ್ಮಂಡಿಯ ಇತರ ಊರುಗಳು ಹೆಚ್ಚು ಕಾದಾಡಲಿಲ್ಲ, 1204ರ ಜೂನ್ 24ರಂದು ರುವಾಂ ಬಾಗಿಲು ತೆರೆಯಿತು.

ರಕ್ತದ ಮಳೆ ಸುರಿಯಿತೆಂಬ ಕಥೆ ಎಲ್ಲಿಂದ ಬಂತು?

ವಿಲಿಯಂ ಆಫ್ ನ್ಯೂಬರ್ಗ್ ಎಂಬ ಇಂಗ್ಲಿಷ್ ಇತಿಹಾಸಕಾರನಿಂದ. 1198ರ ಮೇ ತಿಂಗಳಲ್ಲಿ ಕೆಲಸ ನಡೆಯುತ್ತಿದ್ದಾಗ ರಾಜನ ಕಣ್ಣೆದುರೇ ಕೆಂಪು ಮಳೆ ಬಿತ್ತೆಂದೂ, ಜೊತೆಯವರು ಅಪಶಕುನವೆಂದು ಬೆದರಿದರೂ ರಿಚರ್ಡ್ ಕೆಲಸ ನಿಲ್ಲಿಸಲಿಲ್ಲವೆಂದೂ ಅವನು ಬರೆಯುತ್ತಾನೆ. ಗೋಡೆ ಕಬ್ಬಿಣದ್ದಾದರೂ ಗೆಲ್ಲುವೆನೆಂದು ಫಿಲಿಪನೂ, ಬೆಣ್ಣೆಯದಾದರೂ ಉಳಿಸಿಕೊಳ್ಳುವೆನೆಂದು ರಿಚರ್ಡನೂ ಸವಾಲು ಹಾಕಿಕೊಂಡ ಕಥೆ ಜೆರಾಲ್ಡ್ ಆಫ್ ವೇಲ್ಸ್‌ನ ಬರಹದಿಂದ ಬಂದದ್ದು. ಎರಡನ್ನೂ ಕಥೆಗಳಾಗಿ ಸವಿಯಬಹುದು.

1204ರ ನಂತರ ಕೋಟೆ ಯಾವ ಉಪಯೋಗಕ್ಕೆ ಬಂತು?

ಗಡಿಯೇ ಇಲ್ಲವಾದ ಮೇಲೆ ಗಡಿಕೋಟೆಗೆ ಕೆಲಸ ಕಡಿಮೆಯಾಯಿತು. ಫ್ರೆಂಚ್ ರಾಜರು ಇದನ್ನು ಸೆರೆಮನೆಯಾಗಿ ಬಳಸಿದರು. 1314ರಲ್ಲಿ ವ್ಯಭಿಚಾರದ ಆರೋಪಕ್ಕೆ ಗುರಿಯಾದ ಇಬ್ಬರು ರಾಜಕುಮಾರರ ಹೆಂಡಿರು, ಬರ್ಗಂಡಿಯ ಮಾರ್ಗರೆಟ್ ಮತ್ತು ಬ್ಲಾಂಶ್, ಇಲ್ಲಿ ಬಂದಿಗಳಾಗಿದ್ದರು. ಮಾರ್ಗರೆಟ್ ಮರುವರ್ಷ ಇಲ್ಲಿಯೇ ತೀರಿಕೊಂಡಳು. 1334ರಿಂದ 1341ರವರೆಗೆ ಇಂಗ್ಲಿಷರಿಗೆ ಹೆದರಿ ದೇಶ ಬಿಟ್ಟ ಸ್ಕಾಟ್ಲೆಂಡಿನ ಬಾಲರಾಜ ಎರಡನೆಯ ಡೇವಿಡ್ ತನ್ನ ಪರಿವಾರದೊಡನೆ ಇಲ್ಲಿ ಆಶ್ರಯ ಪಡೆದ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಮತ್ತೆ ಮುತ್ತಿಗೆಗಳಾದವು. 1419ರಲ್ಲಿ ಇಂಗ್ಲಿಷರ ಎದುರು ತಿಂಗಳುಗಟ್ಟಲೆ ನಿಂತ ಪಡೆ ಕೊನೆಗೆ ಶರಣಾದದ್ದು, ಬಾವಿಯಿಂದ ನೀರು ಸೇದುವ ಹಗ್ಗಗಳು ಸವೆದು ಹೋದದ್ದರಿಂದ ಎಂದು ಹೇಳುತ್ತಾರೆ. ಆಳವಾದ ಬಾವಿಯನ್ನು ನೋಡಿದವರಿಗೆ ಆ ಮಾತು ಅಸಂಭವವೆನಿಸುವುದಿಲ್ಲ. ಕೋಟೆ ಕೈಯಿಂದ ಕೈಗೆ ದಾಟಿ, 1449ರಲ್ಲಿ ಶಾಶ್ವತವಾಗಿ ಫ್ರೆಂಚರದಾಯಿತು.

ಈಗಿನ ಸ್ಥಿತಿಗೆ ಯುದ್ಧಗಳೇ ಕಾರಣವೇ?

ಬಹುಪಾಲು ಅಲ್ಲ. ಫ್ರಾನ್ಸಿನೊಳಗೆ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಯುದ್ಧಗಳ ಕಾಲದಲ್ಲಿ ಕ್ಯಾಥೊಲಿಕ್ ಒಕ್ಕೂಟದವರ ಹಿಡಿತದಲ್ಲಿದ್ದ ಕೋಟೆಯನ್ನು ಫ್ರೆಂಚ್ ರಾಜ ನಾಲ್ಕನೆಯ ಹೆನ್ರಿ 1591ರಲ್ಲಿ ಗೆದ್ದ. ಮತ್ತೆ ಯಾರಾದರೂ ಪುಂಡರು ಸೇರಿಕೊಂಡರೆ ಸೀಮೆಗೆ ಕಂಟಕವೆಂದು ಜನಪ್ರತಿನಿಧಿಗಳು ಬೇಡಿಕೊಂಡ ಮೇಲೆ, ಶತಮಾನ ಮುಗಿಯುವ ಹೊತ್ತಿಗೆ ಅದನ್ನು ಕೆಡವಲು ಅವನು ಒಪ್ಪಿದ. ಕಪುಚಿನ್ ಸನ್ಯಾಸಿಗಳು ತಮ್ಮ ಮಠದ ಕೆಲಸಕ್ಕಾಗಿ ಇಲ್ಲಿನ ಕಲ್ಲನ್ನು ಒಯ್ದರು. ಹೀಗೆ ಕವಣೆಯಂತ್ರಗಳಿಗಿಂತ ಹೆಚ್ಚು ಕಲ್ಲನ್ನು ಕಿತ್ತದ್ದು ಮಠದವರ ಗಾಡಿಗಳು. 1862ರಲ್ಲಿ ಫ್ರೆಂಚ್ ಸರಕಾರ ಇದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ನೋಡಲು ಹೋಗುವವರು ಏನನ್ನು ತಿಳಿದಿರಬೇಕು?

ಪ್ಯಾರಿಸಿನ ಸೇಂಟ್ ಲಜಾರ್ ನಿಲ್ದಾಣದಿಂದ ರುವಾಂ ಕಡೆಗೆ ಹೋಗುವ ಮಾರ್ಗದಲ್ಲಿರುವ ಗಯೋಂ-ಓಬ್ವಾ ಹತ್ತಿರದ ರೈಲು ನಿಲ್ದಾಣ. ಅಲ್ಲಿಂದ ಲೇಜಾಂದ್ಲಿಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರವಿರುವುದರಿಂದ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹೊರಕೋಟೆಯ ಸುತ್ತ ಮತ್ತು ಕಂದಕಗಳ ಅಂಚಿನಲ್ಲಿ ಓಡಾಡಲು ಟಿಕೆಟ್ ಬೇಕಿಲ್ಲ. ಒಳಕೋಟೆಗೆ ಟಿಕೆಟ್ ಇದೆ, ಚಳಿಗಾಲದಲ್ಲಿ ಅದನ್ನು ಮುಚ್ಚಿರುತ್ತಾರೆ. ಕಾರಿನಲ್ಲಿ ನೇರವಾಗಿ ಮೇಲಿನ ನಿಲುಗಡೆಗೆ ಹೋಗುವುದಕ್ಕಿಂತ, ಕಾಲಿನಲ್ಲಿ ಶಕ್ತಿಯಿದ್ದವರು ಪೆತಿ ಆಂದ್ಲಿಯಿಂದ ಕಾಲುದಾರಿಯಲ್ಲಿ ಹತ್ತುವುದು ಮೇಲು. ದಾರಿ ಕಡಿದಾಗಿದೆ, ಮಳೆ ಬಂದರೆ ಸುಣ್ಣಕಲ್ಲು ಜಾರುತ್ತದೆ, ಆದ್ದರಿಂದ ಹಿಡಿತವಿರುವ ಬೂಟು ಹಾಕಿಕೊಂಡು ಹೋಗಬೇಕು. ಮೇಲೆ ತಲುಪಿದ ಮೇಲೆ ಮುಖ್ಯ ಗೋಪುರದ ಕಡೆಗೆ ಧಾವಿಸದೆ, ಮೊದಲು ಆಗ್ನೇಯದ ಎತ್ತರದ ನೆಲಕ್ಕೆ ಹೋಗಿ ನಿಂತು ಕೋಟೆಯನ್ನು ಫಿಲಿಪ್ ನೋಡಿದ ದಿಕ್ಕಿನಿಂದ ನೋಡಿ, ಆಮೇಲೆ ಒಂದೊಂದೇ ಆವರಣ ದಾಟಿ ಒಳಗೆ ಬಂದರೆ ಮೇಲೆ ವಿವರಿಸಿದ ವಿನ್ಯಾಸವೆಲ್ಲ ತಾನಾಗಿಯೇ ಅರ್ಥವಾಗುತ್ತದೆ.